ಹಗೇವಿನಲ್ಲಿ ಅರಳಿಸಿದ ಸುಣ್ಣ

ಯುದ್ಧದ ಕಾಲ. ಕುಷ್ಟಗಿಯಲ್ಲಿ ಅಕ್ಕನ ಮದುವೆಗೆಂದು ಮನೆಗೆ ಸುಣ್ಣ ಬಳಿಯಬೇಕಿತ್ತು. ನನಗೆ ಹತ್ತೊಂಬತ್ತು. ಊರಲ್ಲಿ ಯಾರ ದನಿಯನ್ನು ಬೇಕಾದರೂ ಅನುಕರಿಸುತ್ತಿದ್ದೆ, ಬುದ್ಧಿ ಮಾತ್ರ ಯಾರದೂ ಹತ್ತಿರಲಿಲ್ಲ.

ಸುಣ್ಣ ಬಳಿಯಲು ಬಂದ ಗೌಂಡಿ ಸುಟ್ಟ ಸುಣ್ಣದ ಹರಳನ್ನು ಒಂದೊಂದೇ ಮಡಿಕೆಯಲ್ಲಿ ಅರಳಿಸುತ್ತಿದ್ದ. ಬೊಗಸೆ ನೀರು ಹಾಕುವುದು, ಕುದಿ ಇಳಿಯುವವರೆಗೆ ಬೀಡಿ ಸೇದುವುದು, ಮತ್ತೆ ಬೊಗಸೆ ನೀರು. ಹೀಗಾದರೆ ಅಕ್ಕನ ಮಗನ ಮದುವೆಗೆ ಮುಗಿದೀತೆಂದು ಅವನದೇ ರಾಗದಲ್ಲಿ ಅಣಕಿಸಿದೆ. ಅವನು ನಕ್ಕು ಊಟಕ್ಕೆ ಹೋದ.

ಅಂಗಳದಲ್ಲಿ ಜೋಳ ತೆಗೆದ ಖಾಲಿ ಹಗೇವು ಬಾಯಿ ತೆರೆದಿತ್ತು. ನೆಲದೊಳಗಿನ ಆ ಕಣಜಕ್ಕಿಂತ ದೊಡ್ಡ ಮಡಿಕೆ ಬೇಕೆ? ಅಪ್ಪನನ್ನು ಒಪ್ಪಿಸಿ, ಇದ್ದಬದ್ದ ಹರಳೆಲ್ಲ ಒಳಗೆ ಸುರಿದು, ಕೊಡಗಟ್ಟಲೆ ನೀರು ಒಮ್ಮೆಗೇ ಹೊಯ್ದೆ.

ಮೊದಲು ಏನೂ ಆಗಲಿಲ್ಲ. ಅಪ್ಪ ಬಗ್ಗಿ ನೋಡಿದರು. ಆಗ ಒಳಗೆ ಗುಡುಗು ಉರುಳಿತು. ಹಗೇವಿನ ಒಳಗೋಡೆಗೆ ಕಟ್ಟಿದ್ದ ಒಣಹುಲ್ಲು ಹೊತ್ತಿ, ಹೊಗೆ, ಹಬೆ, ಕುದಿಯುವ ಸುಣ್ಣ ಎಲ್ಲ ಆ ಕಿರುಬಾಯಿಂದಲೇ ಮೇಲೆದ್ದವು. ಅಪ್ಪ ಮುಖ ಮುಚ್ಚಿಕೊಂಡು ಬಿದ್ದರು. ಅವರನ್ನು ಎಳೆಯುವಾಗ ನನ್ನ ಮುಖಕ್ಕೂ ಸಿಡಿಯಿತು. ಗೌಂಡಿಯನ್ನು ಕೂಗಿದೆ.

ಓಡಿ ಬಂದ ಗೌಂಡಿ, ಅವ್ವ ತಂದ ಹರಳೆಣ್ಣೆಯನ್ನು ಸರಿಸಿ, ಅಪ್ಪನ ಕಣ್ಣಿಗೆ ಬಿಡದೆ ನೀರು ಹೊಯ್ದ. ಹೊಯ್ಯುತ್ತಲೇ, ನನ್ನ ಕಡೆ ನೋಡದೆ ಕೇಳಿದ: "ಮಡಿಕಿ ಕಾವು ಸುತ್ತೆಲ್ಲ ಹೋಗತೈತಿ. ಹಗೇವಿಗೆ ಸುತ್ತೆಲ್ಲ ಮಣ್ಣು. ಅಷ್ಟು ಕಾವು ಎಲ್ಲಿಗೆ ಹೋಗಬೇಕೋ ತಮ್ಮಾ?"

ದವಾಖಾನೆಯಲ್ಲಿ ಅಪ್ಪನ ಕಣ್ಣಿಗೆ ಬಟ್ಟೆ ಕಟ್ಟಿ, ದೃಷ್ಟಿ ಉಳಿದಿದೆಯೋ ಇಲ್ಲವೋ ಮೂರನೇ ದಿನ ನೋಡೋಣ ಎಂದರು. ಎರಡು ದಿನ ಅಪ್ಪನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದೆ. ಹೊಸ್ತಿಲು ಬಂತು ಎನ್ನುವುದೊಂದೇ ನನ್ನ ಮಾತು. ನನ್ನ ಮೀಸೆ ಒಂದು ಕಡೆ ಸುಟ್ಟಿತ್ತು. ಕ್ಷೌರದವನು ಇನ್ನೊಂದು ಕಡೆಯದನ್ನೂ ತೆಗೆದಿದ್ದ.

ಮೂರನೇ ದಿನ ದವಾಖಾನೆಯಲ್ಲಿ ಬಟ್ಟೆ ಬಿಚ್ಚಿದರು. ಕೆಂಪು ಕಣ್ಣುಗಳು ನನ್ನತ್ತ ತಿರುಗಿ ನಿಂತವು. ಕಾಣುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ.

"ಮೀಸಿ ಯಾಕ ಬೋಳಿಸೀದಿಲೇ?" ಎಂದರು ಅಪ್ಪ. "ನಾ ಇನ್ನೂ ಜೀವಂತ ಅದೀನಿ."

ಅವ್ವ ಅಳುತ್ತಲೇ ನಕ್ಕಳು. ನನಗೆ ನಗು ಬರಲಿಲ್ಲ. ಅಪ್ಪನ ಕಾಲ ಬಳಿ ಕುಳಿತೆ.