ಅಳುವಿನ ನಡುವೆ ಆಯೇರಿ

ಕುಬಿಹಾಳದ ನಾಟ್ಯ ಸಂಘದವರು ಈ ಸಲ ಒಂದಲ್ಲ, ಮೂರು ನಾಟಕ ಆಡುವುದೆಂದು ಗೊತ್ತುಮಾಡಿದರು. ಕಡಲೆ ರಾಶಿ ಮುಗಿದ ಕೂಡಲೇ ಮೊದಲನೆಯದು, ಯುಗಾದಿಗೆ ಎರಡನೆಯದು, ಮಳೆ ಹಿಡಿಯುವುದರೊಳಗೆ ಹಾಡುಗಳೇ ತುಂಬಿದ ಸಂಗೀತ ನಾಟಕವೊಂದು. ಬೇರೆ ಊರಿನವರು ವರ್ಷಕ್ಕೊಂದು ಆಡಿ ಉಸ್ಸೆಂದು ಕೂಡುವಾಗ ಇವರಿಗೆ ಮೂರರ ಉಸಾಬರಿ ಯಾಕೆ ಬೇಕಿತ್ತು? ಸಂಘದ ಅಧ್ಯಕ್ಷ ಕಾಶಿನಾಥನನ್ನು ಕೇಳಿದರೆ, "ಹುಡುಗೂರು ಮೊಬೈಲ್ ಬಿಟ್ಟು ತಾಲೀಮಿಗೆ ಬರ್ತಾರಲ್ಲ, ಮೂರೇನು, ಮೂವತ್ತು ಆಡೂಣು," ಎನ್ನುತ್ತಾನೆ. ಮೂರಕ್ಕೂ ನಾಯಕಿ ಒಬ್ಬಳೇ, ಅಣ್ಣಿಗೇರಿಯ ಮುಮತಾಜ್. ಬಸ್ ನಿಲ್ಲುವಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ಅವಳ ಮೋರೆ ಬಂಡಿಯ ಗಾಲಿಯಷ್ಟು ದೊಡ್ಡದು. ಫೋಟೋ ಮಾತ್ರ ಹಳೆಯದು. ಅದರಲ್ಲಿ ಅವಳು ನಗುತ್ತಿದ್ದಾಳೆ.

ಆ ಫ್ಲೆಕ್ಸ್ ಕಟ್ಟುವ ಹೊತ್ತಿಗೆ ಮುಮತಾಜಳ ಅಕ್ಕ ಖಾಸಿಂಬಿ ತೀರಿ ಎರಡು ತಿಂಗಳಾಗಿತ್ತು. ಅಕ್ಕನಿಗಾಗಿ ಮುಮತಾಜ್ ಇನ್ನೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

ಈ ಕಡೆಯ ಹಳ್ಳಿ ನಾಟಕಗಳಲ್ಲಿ ಗಂಡು ಪಾತ್ರಗಳೆಲ್ಲ ಊರವರವೇ. ಗೊಬ್ಬರದ ಅಂಗಡಿಯವನು ಜಮೀನ್ದಾರನಾಗುತ್ತಾನೆ, ಹಾಲಿನ ಡೇರಿಯವನು ಪೊಲೀಸನಾಗುತ್ತಾನೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆ ಬರಬೇಕು. ಮುಮತಾಜ್ ಹಾಗೆ ಊರೂರು ತಿರುಗುತ್ತ ನಲವತ್ತು ದಾಟಿದವಳು. ತಾಯಿಯಿಲ್ಲದ ತಂಗಿಯನ್ನು ಸಾಕಿದ ಖಾಸಿಂಬಿ, ಅವಳು ಹೋದ ಊರಿಗೆಲ್ಲ ಬೆನ್ನಿಗೇ ಬರುತ್ತಿದ್ದಳು. ಪರದೆಯ ಬಾಜೂಕೆ ನೀರಿನ ತಂಬಿಗೆ ಇಟ್ಟುಕೊಂಡು ಕೂತು, ತಂಗಿ ಉಟ್ಟು ಹರಿದ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುವಳು. ತುಂಡುಗಳನ್ನೆಲ್ಲ ಮೂರು ಮೂಲೆಯ ಮುಕ್ಕೋನಿಯಾಗಿ ಕತ್ತರಿಸುವಳು, ಒಂದೂ ಇನ್ನೊಂದರ ಅಳತೆ ಇರುತ್ತಿರಲಿಲ್ಲ. ಯಾರಾದರೂ ನಕ್ಕರೆ, "ಹೊಚಿಗೊಂಡು ಮಲಗಿದ ಮ್ಯಾಲ ಯಾರ್ ನೋಡ್ತಾರ ತಗೀರಿ," ಎನ್ನುವಳು.

ಇನ್ನು ಆಯೇರಿಯ ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾಟಕ ನಡೆದಿರುವಾಗ ನಡುವೆಯೇ ಪಾತ್ರಧಾರಿಗೆ ಬೀಗರು, ಗೆಳೆಯರು ವೇದಿಕೆ ಹತ್ತಿ ಬಟ್ಟೆಯನ್ನೋ ಉಂಗುರವನ್ನೋ ಉಡುಗೊರೆ ಕೊಡುವುದೇ ಆಯೇರಿ. ಕೊಟ್ಟವರ ಹೆಸರು ಮೈಕಿನಲ್ಲಿ ಹೇಳಬೇಕು, ಅಲ್ಲಿಯತನಕ ಕಥೆ ನಿಂತಲ್ಲೇ ನಿಲ್ಲಬೇಕು. ಮೂಗಿಗಿಂತ ಮೂಗುತಿ ಭಾರವೆಂದು ಗೊಣಗುವವರು ಗೊಣಗಲಿ, ಆಯೇರಿ ಇಲ್ಲದ ನಾಟಕ ನಾಟಕವೇ ಅಲ್ಲ. ಒಮ್ಮೆ ಗುಡಗೇರಿಯಲ್ಲಿ ಹೆಣವಾಗಿ ಮಲಗಿದ್ದವನಿಗೆ ಅವನ ಮಾವ ಟವೆಲ್ ತಂದ. ಹೆಣ ಎದ್ದು ಕೂತು, ಟವೆಲ್ ಹೊದೆಸಿಕೊಂಡು, ಕೈ ಮುಗಿದು ತಿರುಗಿ ಸತ್ತಿತು. ಅದನ್ನು ನೋಡಿ ಹೊಸಬಳಾಗಿದ್ದ ಮುಮತಾಜ್ ನಕ್ಕುಬಿಟ್ಟಿದ್ದಳು.

ಅಂದು ಖಾಸಿಂಬಿ ತಂಗಿಯನ್ನು ಬಣ್ಣದ ಕೋಣೆಗೆ ಕರೆದು ಗದರಿಸಿದ್ದಳು. ಆಯೇರಿ ಎಂದು ಕೂಗಿದರೆ ಅಳುತ್ತಿದ್ದರೂ ಅಳು ನುಂಗಬೇಕು. ಕೊಟ್ಟವರ ಮೋರೆ ನೋಡಿ ನಗಬೇಕು, ಕೈ ಮುಗಿಯಬೇಕು. ಅವರು ಕೆಳಗಿಳಿದ ಮೇಲೆ ಬಿಟ್ಟಲ್ಲಿಂದ ತಿರುಗಿ ಅಳಬೇಕು. ನಮಗೆ ಅನ್ನ ಹಾಕುವವರು ಅವರೇ, ಅವರ ಎದುರು ಅಳುಮೋರೆ ಇರಬಾರದು. ಮನೆಯಲ್ಲಿ ಎಷ್ಟೋ ದಿನ ಅಕ್ಕ ತಂಗಿಯನ್ನು ಅಳಿಸಿ, ನಡುವೆ ಚಪ್ಪಾಳೆ ತಟ್ಟಿ "ಆಯೇರಿ" ಎನ್ನುತ್ತಿದ್ದಳು. ಕಲಿತುಬಿಟ್ಟಳು ಮುಮತಾಜ್. ನಲ್ಲಿ ತಿರುವಿದ ಹಾಗೆ ಅಳು ನಿಲ್ಲಿಸಿ, ನಕ್ಕು, ತಿರುಗಿ ಅಳುವುದರಲ್ಲಿ ಅವಳನ್ನು ಮೀರಿಸುವವರು ಈ ಸುತ್ತಿನ ಹಳ್ಳಿಗಳಲ್ಲಿ ಇಲ್ಲವೆಂದು ಹೆಸರಾಯಿತು.

ಮಾಗಿಯ ಚಳಿಯಲ್ಲಿ ಜ್ವರ ಬಂದು ಖಾಸಿಂಬಿ ಹೋದಳು. ಹೆಂಗಸರೆಲ್ಲ ಬೋರಾಡಿ ಅಳುವಾಗ ಮುಮತಾಜ್ ಬಂದವರಿಗೆ ಚಾಪೆ ಹಾಸುತ್ತಿದ್ದಳು, ಚಹಾದ ಕಪ್ಪು ತೊಳೆಯುತ್ತಿದ್ದಳು. ಸೋದರತ್ತೆ ಮೀರಾಬಿ ಬಾಯಿ ಬಿಗಿ ಹಿಡಿಯುವವಳಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದಳು, ಕಂಡವರ ಊರಲ್ಲಿ ಕೊಡಗಟ್ಟಲೆ ಅಳುವವಳಿಗೆ ಸಾಕಿದ ಅಕ್ಕನಿಗೆ ಒಂದು ಹನಿ ಇಲ್ಲವೇ ಎಂದಳು. ಮುಮತಾಜಳಿಗೆ ಸಿಟ್ಟೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ದವಡೆ ಇರುತ್ತದಲ್ಲ, ಮುಟ್ಟಿದರೆ ತನ್ನದಲ್ಲ ಎನಿಸುವಂತೆ, ಹಾಗಿತ್ತು ಅವಳಿಗೆ ಮೈಯೆಲ್ಲ. ಉಂಡಳು, ಮಲಗಿದಳು, ಎದ್ದಳು. ಅಕ್ಕನ ಚಪ್ಪಲಿ ಕಂಡರೆ ಚಪ್ಪಲಿ ಎಂದಷ್ಟೇ ಅನಿಸಿತು. ಬಾಡಿಗೆಗೆ ಅತ್ತು ಅತ್ತು ತನ್ನದೆಲ್ಲ ಖಾಲಿ ಮಾಡಿಕೊಂಡೆನೇ ಎಂಬ ಹೆದರಿಕೆಯೊಂದು ಮಾತ್ರ ಒಳಗೆ ಉಳಿದಿತ್ತು. ಒಮ್ಮೆ, ಒಂದೇ ಒಂದು ಸಲ, ಅಕ್ಕನಿಗಾಗಿ ಹೊಟ್ಟೆ ತುಂಬ ಅಳಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಕುಬಿಹಾಳದ ಕರೆಯನ್ನು ಅವಳು ಒಪ್ಪಿದ್ದೂ ಅದಕ್ಕೇ. ಮೊದಲನೆಯ ನಾಟಕ 'ಎರಡು ಒಲೆಯ ಮನೆ'ಯ ಕೊನೆಯಲ್ಲಿ ಅಣ್ಣನ ಹೆಣದ ಮೇಲೆ ಬಿದ್ದು ತಂಗಿ ಅಳುವ ದೃಶ್ಯವಿತ್ತು. ನಾಟಕದ ನೆವದಲ್ಲಾದರೂ ಬರಲಿ ಎಂದುಕೊಂಡಳು. ಸಮುದಾಯ ಭವನದ ತಾಲೀಮಿನಲ್ಲಿ ಬೆಡ್‌ಶೀಟ್ ಹೊದ್ದು ಮಲಗಿದ ಅಣ್ಣನ ಪಾತ್ರದ ಈರೇಶನ ಮೇಲೆ ಬಿದ್ದು ಅತ್ತಳು. ಊರ ಹುಡುಗರು ಮೂಗು ಒರೆಸಿಕೊಂಡರು. ಅವಳು ಮಾತ್ರ ಮೇಲಿನ ಫ್ಯಾನಿನ ಒಂದು ರೆಕ್ಕೆ ಸೊಟ್ಟಗಿರುವುದನ್ನು ನೋಡುತ್ತಿದ್ದಳು.

ನಾಟಕದ ದಿನ ಬಂತು. ರಾತ್ರಿ ಹತ್ತರ ಮೇಲೆ ಮೈಕ್ ಹಚ್ಚುವಂತಿಲ್ಲವೆಂದು ಈಗೆಲ್ಲ ಹೊತ್ತು ಮುಳುಗುವ ಮೊದಲೇ ನಾಂದಿ ಹಾಡುತ್ತಾರೆ. ಅಕ್ಕ ಕೂಡುತ್ತಿದ್ದ ಜಾಗದಲ್ಲಿ ಅಕ್ಕನ ಮಗಳು ನಿಲೋಫರ್ ತಂಬಿಗೆ ಹಿಡಿದು ಕೂತಿದ್ದಳು. ಕೊನೆಯ ದೃಶ್ಯಕ್ಕೆ ಇನ್ನೇನು ಪರದೆ ಏಳಬೇಕು, ಹೆಣಕ್ಕೆ ಹೊದೆಸುವ ಬೆಡ್‌ಶೀಟಿನ ಮೇಲೆ ಯಾರೋ ಚಹಾ ಚೆಲ್ಲಿದರು. ವೇದಿಕೆಯ ಬಾಜೂಕಿನ ಮನೆ ಗುರವ್ವನದು. ಕಲಾವಿದೆಯರು ಪ್ರತಿವರ್ಷ ಇಳಿದುಕೊಳ್ಳುವುದೂ ಅಲ್ಲೇ, ನಾಟಕಕ್ಕೆ ಮಂಚ, ಕುರ್ಚಿ, ಗಡಿಯಾರ ಹೋಗುವುದೂ ಅಲ್ಲಿಂದಲೇ. ಒಬ್ಬ ಓಡಿಹೋಗಿ ಕೈಗೆ ಸಿಕ್ಕ ಕೌದಿ ತಂದು ಈರೇಶನ ಮೇಲೆ ಎಸೆದ. ಪರದೆ ಎದ್ದಿತು.

ಮುಮತಾಜ್ ಓಡಿಬಂದು ಮೊಣಕಾಲೂರಿದಳು. ಮುಖದ ಮೇಲಿನ ಹೊದಿಕೆ ಸರಿಸಿ "ಅಣ್ಣಾ" ಎನ್ನಬೇಕು. ಕೌದಿಯ ಅಂಚು ಕೈಗೆ ಬಂತು. ಅಳತೆ ತಪ್ಪಿದ ಮುಕ್ಕೋನಿ ತುಂಡುಗಳು. ನಡುವೆ ಗಿಳಿಹಸಿರಿನದೊಂದು. ಅವಳ ಮೊಟ್ಟಮೊದಲ ನಾಟಕದ ಸೀರೆ ಅದು. ಯಾವುದೋ ವರ್ಷ ಖಾಸಿಂಬಿ ಹೊಲಿದು ಗುರವ್ವನಿಗೆ ಕೊಟ್ಟುಹೋದ ಕೌದಿ.

"ಆಪಾ," ಎಂದಳು ಮುಮತಾಜ್.

ಅಕ್ಕನನ್ನು ಅವಳು ಕರೆಯುತ್ತಿದ್ದುದು ಹಾಗೆ. ಹೊಟ್ಟೆಯಿಂದ ಬಂದ ದನಿ ಅವಳಿಗೇ ಗುರುತು ಸಿಗಲಿಲ್ಲ. ಕಣ್ಣಿಂದ, ಮೂಗಿಂದ ನೀರಿಳಿದು ಬಣ್ಣವೆಲ್ಲ ಕಲಸಿತು. ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರ ಅವಳ ಅಳುವಿಗೆ ಸುರ್ ಹುಡುಕಿ ಸಿಗದೆ ಕೈ ತೆಗೆದ. ಹೆಣವಾಗಿದ್ದ ಈರೇಶ ಗಾಬರಿಯಿಂದ ಒಂದು ಕಣ್ಣು ತೆರೆದ. ಮುಂದೆ ಕೂತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಬಂತು, ಬಂತು ಎಂದು ಅವಳಿಗೆ ಅಷ್ಟರಲ್ಲೇ ಸುಖವಾಯಿತು. ಇನ್ನೂ ಬಹಳವಿತ್ತು ಒಳಗೆ.

ವೇದಿಕೆಯ ಮಗ್ಗುಲಲ್ಲಿ ಮೈಕ್ ಹಿಡಿದಿದ್ದ ಕಾಶಿನಾಥನೂ ಕಣ್ಣೊರೆಸಿಕೊಂಡ. ಅವನೂ ಸಂಘದವರೂ ಒಂದು ಕೆಲಸ ಗುಟ್ಟಾಗಿ ಇಟ್ಟುಕೊಂಡಿದ್ದರು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗದೆಂದು ಅವನಿಗೆ ಅನಿಸಿತು.

"ಕಲಾಭಿಮಾನಿಗಳೇ, ನಾಟಕ ಒಂಚೂರು ನಿಲ್ಲಸ್ತೀವ್ರಿ," ಎಂದ ಮೈಕಿನಲ್ಲಿ. "ನಮ್ಮ ಮುಮತಾಜವ್ವನ ಅಕ್ಕ ಖಾಸಿಂಬಿ ನಿಮಗೆಲ್ಲಾ ಗೊತ್ತು. ಇಷ್ಟ್ ವರ್ಷ ಈ ಪರದೆ ಹಿಂದ ಕುಂತು ನಮ್ಮ ನಾಟಕ ಕಾದಾಕಿ. ಈ ಸಲ ಆಕಿ ಇಲ್ಲ. ಆಕಿ ಹೆಸರಿಲೆ ಊರ ಹೆಣ್ಣಮಕ್ಕಳೆಲ್ಲಾ ಕೂಡಿ ಮುಮತಾಜವ್ವಗ ಇಳಕಲ್ ಸೀರಿ ಆಯೇರಿ ಮಾಡಾಕತ್ತಾರ. ಗುರವ್ವಾರು ವೇದಿಕಿಗೆ ಬರಬೇಕು."

ಆಯೇರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮುಮತಾಜಳ ಗಂಟಲು ತಾನಾಗಿ ಅಳು ನುಂಗಿತು. ಬೇಡ ಎನ್ನಲು ಅವಳಿಗೆ ಎಡೆಯೇ ಸಿಗಲಿಲ್ಲ. ಸೆರಗು ಮುಖ ಒರೆಸಿತು, ಮೊಣಕಾಲು ಎದ್ದು ನಿಂತವು, ಕೈ ಮುಗಿದವು. ಅಕ್ಕ ಕಲಿಸಿದ್ದು ಒಂದೂ ತಪ್ಪಲಿಲ್ಲ. ಮುದುಕಿ ಗುರವ್ವ ಮೆಟ್ಟಿಲು ಹತ್ತಿ ಬಂದು ಸೀರೆ ಮೈಮೇಲೆ ಹಾಕಿದಾಗ ಮುಮತಾಜ್ ಅವಳ ಮೋರೆ ನೋಡಿ ನಕ್ಕಳು. ಜನ ಚಪ್ಪಾಳೆ ತಟ್ಟಿತು. "ಕುಬಿಹಾಳದ ತಾಯಂದಿರಿಗೆ ನಾನು ಚಿರಋಣಿ," ಎಂದು ಎಂದಿನ ಮಾತು ಹೇಳಿದಳು.

ಸೀರೆಯನ್ನು ನಿಲೋಫರಳ ಕೈಗಿತ್ತು ತಿರುಗಿ ಬಂದು ಮೊಣಕಾಲೂರಿದಳು. ಗಿಳಿಹಸಿರು ತುಂಡು ಅಲ್ಲೇ ಇತ್ತು. ನೋಡಿದಳು. ಅರಿವೆಯ ತುಂಡು. ಅಂಚನ್ನು ಮುಷ್ಟಿಯಲ್ಲಿ ಹಿಂಡಿದಳು, ಮೂಗಿಗೆ ಹಿಡಿದಳು. ಗುರವ್ವನ ಮನೆಯ ಟ್ರಂಕಿನ ವಾಸನೆ ಬಂತು.

"ಅಣ್ಣಾ, ಒಲಿ ಎರಡಾದ್ರೂ," ಎಂದು ಮಾತು ಒದಗಿಸುವವನು ಪರದೆಯ ಹಿಂದಿನಿಂದ ಪಿಸುಗುಟ್ಟಿದ.

"ಅಣ್ಣಾ," ಎಂದಳು ಮುಮತಾಜ್, "ಒಲಿ ಎರಡಾದ್ರೂ ಉರಿ ಒಂದಽ ಅಂತಿದ್ದೆಲ್ಲೋ." ದನಿ ಒಡೆಯಬೇಕಾದಲ್ಲಿ ಒಡೆಯಿತು, ನಡುಗಬೇಕಾದಲ್ಲಿ ನಡುಗಿತು. ಪೇಟಿ ಮಾಸ್ತರನಿಗೆ ಸುರ್ ಸಿಕ್ಕಿತು. ಇಡೀ ಕುಬಿಹಾಳ ಬಿಕ್ಕಿ ಬಿಕ್ಕಿ ಅತ್ತಿತು.

ಊಟಕ್ಕೆ ಗುರವ್ವ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟಿದ್ದಳು. ಎದುರಿಗೆ ಕೂತು, "ಅತ್ತೀಯಲ್ಲವಾ ಕಡೀಕೂ. ಭಾಳ ದಿನಾ ಒಳಗ ಇಟ್ಕೊಂಡಿದ್ದಿ, ನನಗ ಗೊತ್ತಾಗಿತ್ತು," ಎಂದಳು. "ಹೊಟ್ಟಿ ಹಗರಾತಿಲ್ಲೋ?"

"ಹೌದಬೇ ಯವ್ವಾ, ಹಗರಾತು," ಎಂದು ಮುಮತಾಜ್ ರೊಟ್ಟಿ ಮುರಿದಳು.

ಕಾಶಿನಾಥ ಬಾಗಿಲಲ್ಲೇ ನಿಂತು ಮಾತಾಡಿಸಿದ. ಅವನ ಮೋರೆಯಲ್ಲಿ ಹಿಗ್ಗು ಹಿಡಿಸುತ್ತಿರಲಿಲ್ಲ. "ಮುಮತಾಜವ್ವಾ, ಇಂಥಾ ನಾಟಕ ನಮ್ಮೂರಾಗ ಆಗಿದ್ದಿಲ್ಲ ಬಿಡು. ಯುಗಾದಿ ನಾಟಕದಾಗೂ ನಿಂದು ಅಳು ಐತಿ. ಆಯೇರಿ ಅಲ್ಲೇ ಇಡೂಣೇನು, ಜನಾ ಅಗದಿ ಕರಗ್ತಾರ."

ಮುಮತಾಜ್ ರೊಟ್ಟಿಯನ್ನು ಎಣ್ಣೆಗಾಯಿಯಲ್ಲಿ ಅದ್ದಿ ತುತ್ತು ಮಾಡಿದಳು.

"ನಗೂ ಸೀನಿನ್ಯಾಗ ಇಡ್ರಿ ಕಾಕಾ," ಎಂದಳು.

ಕಾಶಿನಾಥ ಯೋಚಿಸಿದ. "ನಗೂ ಸೀನ್ ಎಲ್ಲೈತವ್ವಾ ನಿಂದು ಅದರಾಗ? ಮೊದಲಿನಿಂದ ಕಡೀತನಕ ಅಳೂದಽ ಐತಿ."

"ಹಂಗಾರ ಎಲ್ಲೇರ ಇಡ್ರಿ," ಎಂದು ಅವಳು ತುತ್ತು ಬಾಯಿಗಿಟ್ಟಳು.