ಒಂದೆರಡು ಡಿಗ್ರಿ

ಕೊಣನೂರು, ೧೯೯೮

ಅರಕಲಗೂಡಿನ ಬಸ್ಸು ಇನ್ನೂ ಬಂದಿರಲಿಲ್ಲ. ಬೇಸಿಗೆಯಲ್ಲಿ ಲಕ್ಷದ್ವೀಪಕ್ಕೆ ಹೋದಾಗ ತೆಗೆದ ಫೋಟೋಗಳನ್ನು ಹಾಸನದ ಸ್ಟುಡಿಯೋದವರು ಕೊನೆಗೂ ಪ್ರಿಂಟ್ ಹಾಕಿಕೊಟ್ಟಿದ್ದರು. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಅವನ್ನೇ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹೊಗೆಸೊಪ್ಪಿನ ರೈತರೊಬ್ಬರು ಬಗ್ಗಿ ನೋಡಿ, "ಸಮುದ್ರದೊಳಗೂ ಸುಣ್ಣ ಬಳೀತಾರಾ ಸಾ?" ಎಂದರು.

"ಹವಳ ಅದು. ಬಣ್ಣ ಹೋಗಿ ಬೆಳ್ಳಗಾಗಿದೆ. ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಯಿತಂತೆ, ಅದಕ್ಕೇ," ಎಂದು ನಕ್ಕೆ. ಅಲ್ಲಿ ದೋಣಿಯವನು ಹೇಳಿದಾಗಲೂ ನಕ್ಕಿದ್ದೆ. ಸ್ನಾನದ ನೀರಿನ ಬಿಸಿ ಅಷ್ಟು ಹೆಚ್ಚಾದರೆ ನನಗೆ ಗೊತ್ತೂ ಆಗುವುದಿಲ್ಲ.

ರೈತರು ನಗಲಿಲ್ಲ. "ಜೀವ ಇರೋದಾ ಅದು?"

"ಹೌದು. ಬಿಸಿ ಇಳಿಯದಿದ್ದರೆ ಸಾಯುತ್ತದಂತೆ."

"ಒಂದೆರಡು ಡಿಗ್ರಿ ಅಂದ್ರೆ ಕಮ್ಮಿ ಅಂದ್ಕಂಡ್ರಾ? ಸೊಪ್ಪು ಬೇಯ್ಸೋ ಬ್ಯಾರನ್ ಮನೇಲಿ, ಎಲೆ ಅಳದಿಗೆ ತಿರುಗೋ ಒತ್ನಲ್ಲಿ ಅಷ್ಟು ಜಾಸ್ತಿ ಆದ್ರೆ ಬಣ್ಣ ಕೆಟ್ಟೋಯ್ತದೆ ಕಣ್ ಸಾ. ಆಮೇಲೆ ಏನ್ ಮಾಡಿದ್ರೂ ಬರಾಕಿಲ್ಲ. ಅದ್ಕೇ ಗಳಿಗೆಗೊಂದ್ಸಲ ಕಿಟ್ಕೀಲಿ ಥರ್ಮಾಮೀಟ್ರು ನೋಡ್ತಿರ್ತೀನಿ. ಏರ್ತು ಅಂದ್ರೆ ಒಲೆಯಿಂದ ಸೌದೆ ಈಚೆಗೆ ಎಳ್ದಾಕ್ತೀನಿ."

ನನ್ನ ನಗು ಅಲ್ಲೇ ನಿಂತುಹೋಯಿತು. ದೋಣಿಯ ಗಾಜಿನ ತಳದ ಕೆಳಗೆ, ಕಣ್ಣು ಹಾಯುವಷ್ಟು ದೂರವೂ ಅದೇ ಬಿಳುಪಿತ್ತು. ಎಷ್ಟು ಚೆಂದ ಎಂದು ಅದರ ಮೇಲೇ ಇಡೀ ರೀಲು ಮುಗಿಸಿದ್ದೆ. ಸಾಯುತ್ತಿದ್ದುದರ ಮೂವತ್ತಾರು ಫೋಟೋಗಳು ಈಗ ನನ್ನ ತೊಡೆಯ ಮೇಲಿದ್ದವು.

ಬಸ್ಸು ಬಂತು. ರೈತರು ಫೋಟೋದ ಮೇಲೆ ಬೆರಳಿಟ್ಟು ಕೇಳಿದರು:

"ಇದ್ರ ಒಲೆ ಎಲ್ಲೈತೆ ಸಾ?"