ಕಾಯಿನೀರು ಕುಡಿದ ರೇಡಿಯೊ

ಗೆಳೆಯರೇ, ಇಷ್ಟು ದಿನ ಮುಚ್ಚಿಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ: ನಾನು ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ, ಎಂಟನೆಯ ತರಗತಿಗೇ ಶಾಲೆ ಬಿಟ್ಟವನು. ಕೆಲಸಕ್ಕೆ ಸೇರುವಾಗ ಪಾಸಾಗಿದ್ದೇನೆ ಎಂದದ್ದೊಂದೇ ನಾನು ಹೇಳಿದ ಸುಳ್ಳು.

ನಮ್ಮ ಮೂರು ರೇಡಿಯೊ ಅಂಗಡಿಗಳು ಮುಚ್ಚುವ ಸ್ಥಿತಿಯಲ್ಲಿದ್ದವು. ಹೊಸ ಮ್ಯಾನೇಜರ್ ಖಾದರ್ ಸಾಹೇಬರು ಗಾಜಿನ ಬೀರುಗಳ ಬೀಗ ತೆಗೆಸಿ, ಗಿರಾಕಿಗಳ ಕೈಗೇ ರೇಡಿಯೊ ಕೊಟ್ಟು, ಕೊಂಡವರು ಅಲ್ಲೇ ಕಾಯಿ ಒಡೆದು ಪೂಜೆ ಮಾಡಲು ಮೇಜೊಂದನ್ನು ಹಾಕಿಸಿದರು. ಬಳ್ಳಾರಿ, ಕುರುಗೋಡಿನ ಅಂಗಡಿಗಳು ಎದ್ದು ನಿಂತವು; ಸಿರುಗುಪ್ಪದ್ದು ಮಾತ್ರ ಏಳಲಿಲ್ಲ.

ನಿನ್ನೆ ನಾನಿರುವ ಬಳ್ಳಾರಿ ಅಂಗಡಿಯಲ್ಲಿ ಹಾಗೆ ಒಡೆದ ಕಾಯಿಯ ನೀರು ಪಕ್ಕದ ರೇಡಿಯೊದೊಳಗೆ ಹೋಯಿತು. ಒಣಗಿಸಿದ ಮೇಲೆ ಹಾಡಿತು. "ಹೊಸಾವುಗಳ ಜೊತಿ ಇಡು" ಎಂದರು ಸಾಹೇಬರು.

ಇವತ್ತು ಕೊಳಗಲ್ಲಿನ ಗೌಡರೊಬ್ಬರು ಅದನ್ನೇ ಆರಿಸಿದರು. ನನಗೆ ತಡೆಯಲಾಗಲಿಲ್ಲ.

"ನಿನ್ನಿ ಇದ್ರಾಗ ಕಾಯಿನೀರು ಬಿದ್ದೈತ್ರಿ ಗೌಡ್ರ."

ಸಾಹೇಬರು ನನ್ನತ್ತ ಕಣ್ಣು ಬಿಟ್ಟರು. ಗೌಡರು ನಕ್ಕರು.

"ಹಂಗಾದ್ರ ಪೂಜಿ ಆಗೇತಿ ಅನ್ನು. ಇದನ್ನ ಕೊಡು!"

ಅವರು ಹೋದ ಮೇಲೆ ಸಾಹೇಬರು ಕರೆದರು. "ಲೇ, ಸಿರುಗುಪ್ಪದಾಗ ಇನ್ನೂ ನಮ್ಮನ್ನ ಯಾರೂ ನಂಬವಲ್ರು. ಆ ಅಂಗಡಿ ನೀನ ನೋಡ್ಕೋ."

ಕೆಲಸ ಹೋದರೆ ಹೋಗಲಿ ಎಂದು ಎಂಟನೆಯ ತರಗತಿಯ ವಿಷಯವನ್ನೂ ಹೇಳಿಬಿಟ್ಟೆ.

ಸಾಹೇಬರು ಕೈಮುಗಿದರು. "ಇವತ್ತಿಗೆ ಸಾಕು ಮಾಡಲೇ ನಿನ್ನ ಸತ್ಯ!"

ನಾಳೆ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೊರಡುತ್ತೇನೆ.